ರಸ್ತೆ ಎಸ್ಟಿಮೇಟ್ ಹಾಕುವವಳ ಕಣ್ಣಲ್ಲಿ ರಸ್ತೆ ಇಲ್ಲದ ಕಾಡು

ನಾನು ರಸ್ತೆಗಳಿಗೆ ಎಸ್ಟಿಮೇಟ್ ಹಾಕಿ ಸಂಬಳ ತೆಗೆದುಕೊಳ್ಳುವವಳು. ಅಮೆರಿಕದ ಮೊಂಟಾನಾ ರಾಜ್ಯದ ಮಿಸೂಲಾದಲ್ಲಿ ಒಂದು ಸಣ್ಣ ಎಂಜಿನಿಯರಿಂಗ್ ಕಂಪನಿಯಲ್ಲಿ ಕೆಲಸ. ಕೌಂಟಿ (ಇಲ್ಲಿನ ಜಿಲ್ಲೆ) ರಸ್ತೆ, ಸಣ್ಣ ಸೇತುವೆ, ಮೋರಿ, ಚರಂಡಿ, ಇವೇ ನಮ್ಮ ಅನ್ನ. ಇಂಥವಳು ಕಾಡಿನಲ್ಲಿ ಹೊಸ ರಸ್ತೆ ಬೇಡ ಅಂತ ಸರ್ಕಾರಕ್ಕೆ ಬರೆದು ಹಾಕಿದ್ದಾಳೆ ಅನ್ನುವುದು ಆಫೀಸಿನಲ್ಲಿ ದೊಡ್ಡ ತಮಾಷೆ. ನಗಲಿ ಬಿಡಿ. ಕಾಡಿನ ಚೆಲುವಿನ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಗೊತ್ತಿರುವುದು ಜಲ್ಲಿ, ಪೈಪು, ಮಣ್ಣು, ಮತ್ತೆ ಅವುಗಳ ಬಿಲ್ಲು. ಆ ಬಿಲ್ಲಿನ ಕಡೆಯಿಂದಲೇ ಈ ವಿಷಯ ನೋಡುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಅಮೆರಿಕದ ಫಾರೆಸ್ಟ್ ಸರ್ವಿಸ್ ಕೈಯಲ್ಲಿ ಸುಮಾರು 19 ಕೋಟಿ 30 ಲಕ್ಷ ಎಕರೆ ರಾಷ್ಟ್ರೀಯ ಅರಣ್ಯ ಇದೆ. ಅದರಲ್ಲಿ 5 ಕೋಟಿ 85 ಲಕ್ಷ ಎಕರೆಗೆ ಹೊಸ ರಸ್ತೆ ಹೋಗುವಂತಿಲ್ಲ, ಅಲ್ಲಿ ವ್ಯಾಪಾರಕ್ಕೆ ಮರ ಕಡಿಯುವಂತಿಲ್ಲ ಅಂತ 2001ರ ಜನವರಿಯಲ್ಲಿ ಒಂದು ನಿಯಮ ಬಂತು. ಅಧ್ಯಕ್ಷ ಕ್ಲಿಂಟನ್ ಕುರ್ಚಿ ಬಿಡಲು ಆಗ ಕೆಲವೇ ದಿನ ಬಾಕಿ. ಎಲ್ಲರೂ ಇದನ್ನು ರೋಡ್‌ಲೆಸ್ ರೂಲ್ ಅಂತ ಕರೆಯುತ್ತಾರೆ. ಅದಕ್ಕೆ ಮೊದಲು 600ಕ್ಕೂ ಹೆಚ್ಚು ಸಭೆ ನಡೆದವು, 16 ಲಕ್ಷ ಅಭಿಪ್ರಾಯ ಬಂದವು. ಆಮೇಲೆ ಶುರುವಾಯಿತು ಕೋರ್ಟು ಕಚೇರಿ. 2005ರಲ್ಲಿ ಬುಷ್ ಸರ್ಕಾರ ಬೇರೆ ನಿಯಮ ತಂದಿತು, ಕೋರ್ಟು ಅದನ್ನು ರದ್ದು ಮಾಡಿತು. ಕೊನೆಗೆ 2012ರಲ್ಲಿ ಸುಪ್ರೀಂ ಕೋರ್ಟು ಕೇಸು ತೆಗೆದುಕೊಳ್ಳಲು ಒಪ್ಪಲಿಲ್ಲ, ಹಳೇ ನಿಯಮವೇ ಉಳಿಯಿತು. ಐಡಹೊ 2008ರಲ್ಲಿ, ಕೊಲೊರಾಡೊ 2012ರಲ್ಲಿ ತಮ್ಮದೇ ನಿಯಮ ಮಾಡಿಸಿಕೊಂಡವು. ಅಲಾಸ್ಕಾದ ಟಾಂಗಸ್ ಕಾಡನ್ನು 2020ರಲ್ಲಿ ಹೊರಗಿಟ್ಟರು, 2023ರಲ್ಲಿ ಮತ್ತೆ ಒಳಗೆ ಸೇರಿಸಿದರು.

ಈಗ 2025ರ ಜೂನ್‌ನಲ್ಲಿ ಕೃಷಿ ಕಾರ್ಯದರ್ಶಿ ಬ್ರೂಕ್ ರಾಲಿನ್ಸ್ ಇಡೀ ನಿಯಮವನ್ನೇ ತೆಗೆಯುತ್ತೇವೆ ಅಂದರು. (ಇಲ್ಲಿ ಫಾರೆಸ್ಟ್ ಸರ್ವಿಸ್ ಕೃಷಿ ಇಲಾಖೆಯ ಕೆಳಗೆ ಬರುತ್ತದೆ.) ಐಡಹೊ, ಕೊಲೊರಾಡೊ ಬಿಟ್ಟರೆ ಸುಮಾರು ನಾಲ್ಕೂವರೆ ಕೋಟಿ ಎಕರೆಯ ಮಾತು ಇದು. ಜನ ಅಭಿಪ್ರಾಯ ಹೇಳಲು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ 19ರವರೆಗೆ ಮೂರೇ ವಾರ ಕೊಟ್ಟರು. ಅಷ್ಟರಲ್ಲೇ 6 ಲಕ್ಷಕ್ಕೂ ಹೆಚ್ಚು ಅಭಿಪ್ರಾಯ ಹೋದವು. ಅದರಲ್ಲಿ ನನ್ನದೂ ಒಂದು.

ಒಂದು ತಪ್ಪು ಕಲ್ಪನೆ ಮೊದಲೇ ಸರಿಮಾಡಿಬಿಡುತ್ತೇನೆ. ರೋಡ್‌ಲೆಸ್ ಜಾಗ ಅಂದರೆ ಬೇಲಿ ಹಾಕಿ ಬೀಗ ಜಡಿದ ಜಾಗ ಅಲ್ಲ. ಕಾಂಗ್ರೆಸ್ಸು, ಅಂದರೆ ಇಲ್ಲಿನ ಸಂಸತ್ತು, 1964ರ ಕಾಯ್ದೆಯ ಕೆಳಗೆ ಘೋಷಿಸುವ ವಿಲ್ಡರ್ನೆಸ್ ಬೇರೆ. ಅಲ್ಲಿ ಸೈಕಲ್ಲೂ ಬಿಡುವುದಿಲ್ಲ. ರೋಡ್‌ಲೆಸ್ ಜಾಗದಲ್ಲಿ ಮೌಂಟನ್ ಬೈಕ್ ಓಡಿಸಬಹುದು, ದನ ಮೇಯಿಸಬಹುದು, ಬೇಟೆ ಆಡಬಹುದು, ಗರಗಸದ ಯಂತ್ರ ಬಳಸಬಹುದು. ನಿಯಮದ ಪ್ರಕಾರ ರಸ್ತೆ ಅಂದರೆ 50 ಇಂಚಿಗಿಂತ ಅಗಲವಾದ, ವಾಹನ ಹೋಗುವ ದಾರಿ. ಅದಕ್ಕಿಂತ ಕಿರಿದಾದ ಹಾದಿಯಲ್ಲಿ, ಅಲ್ಲಿ ಅನುಮತಿ ಇದ್ದರೆ, ಮೋಟರ್ ಬೈಕೂ ಹೋಗಬಹುದು. 1872ರ ಗಣಿ ಕಾಯ್ದೆಯ ಹಕ್ಕುಗಳನ್ನು ಈ ನಿಯಮ ಮುಟ್ಟಿಲ್ಲ. ಬೆಂಕಿ ಅಥವಾ ನೆರೆಯಿಂದ ಜೀವಕ್ಕೋ ಆಸ್ತಿಗೋ ಕುತ್ತು ಬಂದರೆ ರಸ್ತೆಯನ್ನೂ ಮಾಡಬಹುದು. ಹಾಗಾಗಿ "ಜನರಿಂದ ಕಾಡು ಕಿತ್ತುಕೊಂಡರು" ಅನ್ನುವ ಮಾತು ನಿಲ್ಲುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಮೊದಲು ಕೇಳಬೇಕಾದ ಪ್ರಶ್ನೆ: ಈ ಜಾಗಗಳಿಗೆ ಇಷ್ಟು ದಿನ ರಸ್ತೆ ಯಾಕೆ ಹೋಗಿಲ್ಲ? ಎರಡನೇ ಮಹಾಯುದ್ಧ ಮುಗಿದ ಮೇಲೆ ನಲವತ್ತು ವರ್ಷ ಫಾರೆಸ್ಟ್ ಸರ್ವಿಸ್ ಎಡೆಬಿಡದೆ ರಸ್ತೆ ಮಾಡಿತು. ಒಳ್ಳೆಯ ಮರ ಇದ್ದ, ಇಳಿಜಾರು ಕಡಿಮೆ ಇದ್ದ, ಮಿಲ್ಲಿಗೆ ಹತ್ತಿರ ಇದ್ದ ಕಣಿವೆಗಳಿಗೆಲ್ಲ ರಸ್ತೆ ಹೋಯಿತು. ಉಳಿದದ್ದು ಎತ್ತರದ, ಕಡಿದಾದ, ತೆಳ್ಳಗೆ ಮರ ಬೆಳೆಯುವ ಜಾಗ. ಅಂದರೆ ರಸ್ತೆ ಮಾಡಲು ಖರ್ಚು ಜಾಸ್ತಿ, ಮರದಿಂದ ಬರುವುದು ಕಮ್ಮಿ. ಮೊಂಟಾನಾದಲ್ಲಿ ಇಂಥ ಜಾಗ 64 ಲಕ್ಷ ಎಕರೆ ಇದೆ. ಅದರ ದೊಡ್ಡ ಪಾಲು ಹೀಗೆ ಅಂದಿನ ಕಾಲದ ವ್ಯಾಪಾರಸ್ಥರೇ "ಇದು ಗಿಟ್ಟಲ್ಲ" ಅಂತ ಬಿಟ್ಟು ಹೋದದ್ದು. ಕಾಡು ಉಳಿಸುವವರಿಗಿಂತ ಮೊದಲು ಅದನ್ನು ಉಳಿಸಿದವರು ಲೆಕ್ಕ ಬರೆಯುವ ಗುಮಾಸ್ತರು ಅಂದರೂ ತಪ್ಪಿಲ್ಲ.

ಕಡಿದಾದ ಗುಡ್ಡದ ಪಕ್ಕಕ್ಕೆ ಲಾರಿ ಹೋಗುವಂಥ ಜಲ್ಲಿ ರಸ್ತೆ ಕೊರೆಯಬೇಕಾದರೆ ಒಂದು ಮೈಲಿಗೆ ಲಕ್ಷ ಡಾಲರ್ ದಾಟುವುದು ನಮ್ಮ ಕಸುಬಿನಲ್ಲಿ ದೊಡ್ಡ ಮಾತಲ್ಲ. ಬಂಡೆ ಸಿಕ್ಕಿದರೆ ಕೇಳುವುದೇ ಬೇಡ. ಒಂದು ದಿಮ್ಮಿ ಲಾರಿಯಲ್ಲಿ ಹೋಗುವುದು ಸುಮಾರು ನಾಲ್ಕೈದು ಸಾವಿರ ಬೋರ್ಡ್ ಫೂಟ್ ಮರ (ಒಂದಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ಹಲಗೆ ಒಂದು ಬೋರ್ಡ್ ಫೂಟ್). ಎಷ್ಟು ಲಾರಿ ಇಳಿದರೆ ಒಂದು ಮೈಲಿ ರಸ್ತೆ ತನ್ನ ಖರ್ಚು ತಾನೇ ಎತ್ತಿಕೊಳ್ಳುತ್ತದೆ, ನೀವೇ ಯೋಚಿಸಿ.

ಆದರೆ ಆಗಿನ ಲೆಕ್ಕಪುಸ್ತಕದಲ್ಲಿ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಮರ ಕೊಂಡ ಕಂಪನಿಯೇ ರಸ್ತೆ ಮಾಡಬೇಕು, ಆ ಖರ್ಚಿಗೆ ಬದಲಾಗಿ ಮರ ತೆಗೆದುಕೊಳ್ಳಬಹುದು ಅನ್ನುವ ಏರ್ಪಾಡು 1990ರ ದಶಕದ ಕೊನೆವರೆಗೂ ಇತ್ತು. ರಸ್ತೆಗೆ ಸರ್ಕಾರ ಕೈಯಿಂದ ದುಡ್ಡು ಕೊಟ್ಟ ಹಾಗೆ ಕಾಣುತ್ತಿರಲಿಲ್ಲ. ಮರದಲ್ಲೇ ಕೊಟ್ಟಾಗಿತ್ತು. ಹೀಗೆ "ಪುಕ್ಕಟೆ" ಬಂದ ರಸ್ತೆಗಳನ್ನು ಆಮೇಲೆ ಯಾರು ಸಾಕಬೇಕು ಅಂತ ಯಾರೂ ಬರೆದಿಡಲಿಲ್ಲ.

ಅದರ ಫಲ ಇದು: 2001ರ ನಿಯಮ ಬರೆಯುವ ಹೊತ್ತಿಗೆ ರಾಷ್ಟ್ರೀಯ ಅರಣ್ಯಗಳಲ್ಲಿ 3 ಲಕ್ಷ 86 ಸಾವಿರ ಮೈಲಿ ರಸ್ತೆ ಇತ್ತು. ಇಡೀ ದೇಶದ ಇಂಟರ್‌ಸ್ಟೇಟ್ ಹೆದ್ದಾರಿಯ ಎಂಟು ಪಟ್ಟು. ಅದರಲ್ಲಿ ಮಾಡದೆ ಬಾಕಿ ಉಳಿದ ದುರಸ್ತಿಯ ಮೊತ್ತ 840 ಕೋಟಿ ಡಾಲರ್. ವರ್ಷಕ್ಕೆ ಬೇಕಾದ ನಿರ್ವಹಣೆ ಹಣದಲ್ಲಿ ಶೇ 20ರಷ್ಟೂ ಸಿಗುತ್ತಿಲ್ಲ ಅಂತ ಇಲಾಖೆಯೇ ಆ ನಿಯಮದ ಮುನ್ನುಡಿಯಲ್ಲಿ ಒಪ್ಪಿಕೊಂಡಿದೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಈ ನಿಯಮ ಹುಟ್ಟಿದ್ದು ಕಾಡಿನ ಮೇಲಿನ ಪ್ರೀತಿಯಿಂದ ಅಂತ ಎರಡೂ ಕಡೆಯವರು ಹೇಳುತ್ತಾರೆ. ಅರ್ಧಕ್ಕರ್ಧ ಹುಟ್ಟಿದ್ದು ರಸ್ತೆ ಸಾಕಲಾರದೆ.

ಸಾಕುವುದು ಅಂದರೆ ಏನು ಅಂತ ಒಂದು ಮೋರಿ ತೋರಿಸಿ ಹೇಳುತ್ತೇನೆ. ಈ ಆಗಸ್ಟ್‌ನಲ್ಲಿ ಗಂಡ, ನಾನು ಹಕಲ್‌ಬೆರಿ ಹಣ್ಣು ಕೀಳಲು ಪಶ್ಚಿಮದ ಕಡೆ, ಮಿನರಲ್ ಕೌಂಟಿಯ ಒಂದು ಹಳೇ ಫಾರೆಸ್ಟ್ ರಸ್ತೆಯಲ್ಲಿ ಹೋಗಿದ್ದೆವು. ನಂಬರ್ ಹಲಗೆ ಉದ್ದುದ್ದ ನಿಲ್ಲಿಸಿದ್ದರೆ ಅದು ಎತ್ತರದ ಗಾಡಿಗೆ ಮಾತ್ರ ಅಂತ ಅರ್ಥ, ಇಲ್ಲಿ ಎಲ್ಲರಿಗೂ ಗೊತ್ತಿರುವ ಗುರುತು. ಒಂದು ತಿರುವಿನಲ್ಲಿ ಹಳ್ಳ ದಾಟುವ ಕಡೆ ಸುಕ್ಕು ತಗಡಿನ ಪೈಪು ಹಾಕಿದ್ದರು. ಮೇಲ್ಗಡೆ ಬಾಯಿಗೆ ಕಡ್ಡಿ, ತೊಗಟೆ, ಉರುಳು ಕಲ್ಲು ಬಂದು ಅರ್ಧ ಮುಚ್ಚಿಕೊಂಡಿತ್ತು. ಒಳಗೆ ಟಾರ್ಚು ಬಿಟ್ಟು ನೋಡಿದರೆ ತಳ ತುಕ್ಕು ಹಿಡಿದು ತೂತು. ನೀರು ಪೈಪಿನಲ್ಲಿ ಹೋಗುವ ಬದಲು ಪೈಪಿನ ಕೆಳಗಿನ ಮಣ್ಣಿನಲ್ಲಿ ಹೋಗುತ್ತಿತ್ತು. ರಸ್ತೆ ಮೇಲೆ ನಿಂತು ನೋಡಿದವರಿಗೆ ಏನೂ ಕಾಣುವುದಿಲ್ಲ. ಜಲ್ಲಿ ಗಟ್ಟಿಯಾಗೇ ಇದೆ. ಒಳಗೆ ಮಣ್ಣು ಕರಗಿ ಪೊಳ್ಳಾಗಿದೆ.

ಕೆಳಗಡೆ ಬಾಯಿ ಇನ್ನೂ ಕೆಟ್ಟದಾಗಿತ್ತು. ಕಿರಿದಾದ ಪೈಪಿನಿಂದ ನೀರು ರಭಸದಿಂದ ಬಿದ್ದು ಬಿದ್ದು ಹಳ್ಳದ ತಳ ಕೊರೆದುಹೋಗಿ, ಪೈಪಿನ ಬಾಯಿ ಗಾಳಿಯಲ್ಲಿ ತೂಗುತ್ತಿತ್ತು. ನನ್ನ ಗಾಡಿಯಲ್ಲಿ ಟೇಪ್ ಯಾವಾಗಲೂ ಇರುತ್ತದೆ. "ಭಾನುವಾರಾನೂ ಅಳೀಬೇಕಾ ನೀನು?" ಅಂತ ಗಂಡ ಹಣ್ಣು ತಿನ್ನುತ್ತಾ ಕೇಳಿದ. ಅಳೆದೆ. ನೀರಿನಿಂದ ಎರಡಡಿ ಮೇಲೆ. ಬುಲ್ ಟ್ರೌಟ್ ಅಂತ ಇಲ್ಲಿನ ಮೀನು ಒಂದಿದೆ, 1998ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿ ಸೇರಿದೆ. ತಣ್ಣಗಿನ, ಮಣ್ಣು ಕದಡದ ನೀರು ಬೇಕು ಅದಕ್ಕೆ. ಅದರ ಮರಿ ಎರಡಡಿ ನೆಗೆದು ಪೈಪಿನೊಳಗೆ ಹೋಗುವುದು ಆಗದ ಮಾತು. ಆ ಒಂದು ಪೈಪಿನಿಂದ ಮೇಲಿನ ಹಳ್ಳ ಪೂರ್ತಿ ಮೀನಿಗೆ ಮುಚ್ಚಿಹೋಯಿತು.

ಆ ಕಾಲದಲ್ಲಿ ಇಂಥ ಪೈಪುಗಳನ್ನು ಸಣ್ಣ ನೆರೆಗೆ ಲೆಕ್ಕ ಹಾಕಿ ಹಾಕುತ್ತಿದ್ದರು. ಈಗ ನಾವು ನೂರು ವರ್ಷಕ್ಕೊಮ್ಮೆ ಬರುವ ನೆರೆಗೆ ಹಾಕುತ್ತೇವೆ, ಹಳ್ಳದಷ್ಟೇ ಅಗಲದ ಕಮಾನು ಇಡುತ್ತೇವೆ. ಖರ್ಚು ಎಷ್ಟೋ ಪಟ್ಟು ಏರುತ್ತದೆ. ಹಾಕದಿದ್ದರೆ ಒಂದು ವಸಂತದಲ್ಲಿ ಹಿಮ ಬೇಗ ಕರಗಿ, ಮೇಲೆ ಮಳೆ ಬಂದು, ಇಡೀ ತಿರುವು ಕೆಸರಾಗಿ ಹಳ್ಳಕ್ಕೆ ಇಳಿಯುತ್ತದೆ. ಇದು ಸುಮ್ನೆ ಹೆದರಿಸುವ ಮಾತಲ್ಲ. 1995–96ರ ಚಳಿಗಾಲದಲ್ಲಿ ನಮ್ಮ ಪಕ್ಕದ ಐಡಹೊದ ಕ್ಲಿಯರ್‌ವಾಟರ್ ಕಾಡಿನಲ್ಲಿ 900ಕ್ಕೂ ಹೆಚ್ಚು ಕಡೆ ಭೂಕುಸಿತ ಆಯಿತು. ಎಣಿಸಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ರಸ್ತೆಗಳಿಗೆ ಸಂಬಂಧಪಟ್ಟವು. ಕಾಡಿನಲ್ಲಿ ರಸ್ತೆ ಎಷ್ಟು ಅಗಲದ ಜಾಗ ಹಿಡಿಯುತ್ತದೆ ಅಂತ ನೆನಪಿಟ್ಟುಕೊಂಡು ಈ ಸಂಖ್ಯೆ ಓದಿ.

ಕೆಸರು ನೀರಿಗೆ ಇಳಿದರೆ ಮೀನಿಗೆ ಮಾತ್ರ ತೊಂದರೆ ಅಲ್ಲ. ಊರುಗಳಿಗೆ ಕುಡಿಯುವ ನೀರು ಕೊಡುವ 354 ಜಲಾನಯನ ಪ್ರದೇಶಗಳು ಪೂರ್ತಿಯಾಗಿಯೋ ಸ್ವಲ್ಪವೋ ಈ ರೋಡ್‌ಲೆಸ್ ಜಾಗದೊಳಗೆ ಬರುತ್ತವೆ ಅಂತ 2001ರಲ್ಲೇ ಪಟ್ಟಿ ಮಾಡಿದ್ದರು. ನೀರು ಸೋಸುವ ಘಟಕದ ಬಿಲ್ಲು ಫಾರೆಸ್ಟ್ ಸರ್ವಿಸಿಗೆ ಹೋಗುವುದಿಲ್ಲ, ಮರ ಕೊಂಡವರಿಗೂ ಹೋಗುವುದಿಲ್ಲ. ಕೆಳಗಿನ ಊರಿನ ಮನೆಮನೆಗೆ ನೀರಿನ ಬಿಲ್ಲಾಗಿ ಬರುತ್ತದೆ.

ಅಪ್ಪ ಪಿಡಬ್ಲ್ಯೂಡಿಯಲ್ಲಿದ್ದು ನಿವೃತ್ತರಾದವರು. ಫೋನಿನಲ್ಲಿ ಈ ಮೋರಿ ಕಥೆ ಹೇಳಿದಾಗ ಅವರು ಆಶ್ಚರ್ಯವನ್ನೇನೂ ಪಡಲಿಲ್ಲ. "ರಸ್ತೆ ಮಾಡೋಕೆ ದುಡ್ಡು ಸಿಗುತ್ತೆ ಕಣಮ್ಮ, ಉದ್ಘಾಟನೆ ಇರುತ್ತಲ್ಲ. ಮೋರಿ ಕ್ಲೀನ್ ಮಾಡೋಕೆ ಯಾರು ಟೇಪ್ ಕಟ್ ಮಾಡ್ತಾರೆ?" ಅಂದರು.

ಇನ್ನು ಲೆಕ್ಕದ ಒಳಗಿನ ಕೈಚಳಕ ಒಂದಿದೆ. ಇದು ಸ್ವಲ್ಪ ಒಣ ವಿಷಯ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸುವಾಗ ಒಂದು ದರ ಹಾಕುತ್ತೇವೆ. ವೈಟ್ ಹೌಸಿನ ಬಜೆಟ್ ಕಚೇರಿ 2003ರಲ್ಲಿ ಕೊಟ್ಟ ಸೂಚನೆ ಪ್ರಕಾರ ಶೇ 3 ಮತ್ತು ಶೇ 7, ಎರಡರಲ್ಲೂ ತೋರಿಸಬೇಕಿತ್ತು. ಈಗ ಮೂವತ್ತು ವರ್ಷದ ಮೇಲೆ ಮೋರಿಗಳನ್ನು ಬದಲಿಸಲು 1 ಲಕ್ಷ ಡಾಲರ್ ಬೇಕು ಅಂತಿಟ್ಟುಕೊಳ್ಳಿ. ಶೇ 3ರಲ್ಲಿ ಅದು ಇವತ್ತಿನ ಲೆಕ್ಕಕ್ಕೆ ಸುಮಾರು 41 ಸಾವಿರ. ಶೇ 7ರಲ್ಲಿ 13 ಸಾವಿರ! ಅದೇ ಪೈಪು, ಅದೇ ಹಳ್ಳ. ದರ ಬದಲಾಯಿಸಿದ್ದಕ್ಕೆ ರಸ್ತೆ ಅಗ್ಗವಾಗಿಬಿಟ್ಟಿತು.

ಮರದ ಕಡೆಗೂ ಇದೇ ದರ ಹಾಕಿ ನೋಡಿ, ಆಗ ನಗು ಬರುತ್ತದೆ. ನಮ್ಮ ಎತ್ತರದ ಕಾಡಿನಲ್ಲಿ ಕಡಿದ ಮರ ಮತ್ತೆ ಕಡಿಯುವ ಹಾಗೆ ಬೆಳೆಯಲು ನೂರು ವರ್ಷ ಆಗುತ್ತದೆ. ನೂರು ವರ್ಷದ ಮೇಲೆ ಬರುವ 100 ಡಾಲರ್, ಶೇ 7ರಲ್ಲಿ, ಇವತ್ತಿಗೆ 12 ಸೆಂಟೂ ಇಲ್ಲ. ಅಂದರೆ ಎರಡನೇ ಬೆಳೆ ಲೆಕ್ಕಕ್ಕೇ ಇಲ್ಲ. ಇದನ್ನು ಕೃಷಿ, ಬೆಳೆ, ಕೊಯ್ಲು ಅಂತ ಕರೆಯುತ್ತಾರೆ. ಲೆಕ್ಕದ ಪ್ರಕಾರ ಇದು ಒಂದೇ ಸಲ ಬಗೆದು ಹೋಗುವ ಗಣಿ.

ಇದಕ್ಕೆ ಉತ್ತರ ಹುಡುಕಿದವರು ಒಬ್ಬ ಅರ್ಥಶಾಸ್ತ್ರಜ್ಞ, ಜಾನ್ ಕ್ರುಟಿಲ್ಲಾ. 1960ರ ದಶಕದ ಕೊನೆಯಲ್ಲಿ ಐಡಹೊ-ಆರೆಗನ್ ಗಡಿಯ ಹೆಲ್ಸ್ ಕ್ಯಾನ್ಯನ್‌ನಲ್ಲಿ, ಸ್ನೇಕ್ ನದಿಗೆ ದೊಡ್ಡ ಅಣೆಕಟ್ಟು ಕಟ್ಟುವ ಮಾತಿತ್ತು. ಕಣಿವೆಯ ಬೆಲೆ ಎಷ್ಟು ಅಂತ ಕೇಳಿದರೆ ಯಾರೂ ಹೇಳಲಾರರು. ಅವರು ಪ್ರಶ್ನೆಯನ್ನೇ ತಿರುಗಿಸಿದರು. ಅಣೆಕಟ್ಟಿನಿಂದ ಬರುವ ಲಾಭಕ್ಕೆ ಸಮ ಆಗಬೇಕಾದರೆ ಕಣಿವೆ ಉಳಿಸುವುದರಿಂದ ಮೊದಲ ವರ್ಷ ಕನಿಷ್ಠ ಎಷ್ಟು ಪ್ರಯೋಜನ ಇರಬೇಕು? ವಿದ್ಯುತ್ ಬೇರೆ ರೀತಿಯಲ್ಲೂ ತಯಾರಿಸಬಹುದು, ತಂತ್ರಜ್ಞಾನ ಸುಧಾರಿಸಿದ ಹಾಗೆ ಅಣೆಕಟ್ಟಿನ ಅನುಕೂಲ ವರ್ಷವರ್ಷ ಇಳಿಯುತ್ತದೆ. ಹಾಳಾಗದ ಕಣಿವೆ ಮಾತ್ರ ಕಮ್ಮಿ ಆಗುತ್ತಾ, ಬೇಕಾದವರು ಜಾಸ್ತಿ ಆಗುತ್ತಾ ಹೋಗುತ್ತದೆ. ಹೀಗೆ ಹಾಕಿದಾಗ ಮೊದಲ ವರ್ಷಕ್ಕೆ ಬೇಕಾದದ್ದು ಸುಮಾರು 80 ಸಾವಿರ ಡಾಲರ್. ಬೇಟೆ, ಮೀನು, ದೋಣಿ ಅಂತ ಆಗಲೇ ಜನ ಪಡೆಯುತ್ತಿದ್ದ ಪ್ರಯೋಜನ ಸುಮಾರು 9 ಲಕ್ಷ. ಅಲ್ಲಿಗೆ ಚರ್ಚೆ ಮುಗಿಯಿತು. 1975ರಲ್ಲಿ ಕಾಂಗ್ರೆಸ್ಸು ಆ ಜಾಗವನ್ನು ರಾಷ್ಟ್ರೀಯ ವಿಹಾರ ಪ್ರದೇಶ ಮಾಡಿತು.

ನನಗೆ ಈ ದಾರಿ ಇಷ್ಟ. ತೋಳದ ಕೂಗಿಗೆ ಎಷ್ಟು ಡಾಲರ್ ಕೊಡುತ್ತೀರಿ ಅಂತ ಜನರಿಗೆ ಫಾರ್ಮ್ ಹಂಚುವ ಅಧ್ಯಯನಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಬಾಯಲ್ಲಿ ಹೇಳುವುದಕ್ಕೆ ದುಡ್ಡು ಕೊಡಬೇಕಾಗಿಲ್ಲವಲ್ಲ. ರಸ್ತೆಯ ನಿಜವಾದ ಖರ್ಚು ಪೂರ್ತಿ ಬರೆದರೆ ಸಾಕು, ತೋಳಕ್ಕೆ ಬೆಲೆ ಕಟ್ಟುವ ಅಗತ್ಯವೇ ಬಹಳ ಕಡೆ ಬೀಳುವುದಿಲ್ಲ. ಮತ್ತೆ ಇವತ್ತು ಮಾಡದ ರಸ್ತೆಯನ್ನು ಐದು ವರ್ಷ ಬಿಟ್ಟು ಮಾಡಬಹುದು, ಹತ್ತು ವರ್ಷ ಬಿಟ್ಟೂ ಮಾಡಬಹುದು. ಮಾಡಿದ ರಸ್ತೆಯನ್ನು ಅಳಿಸುವುದು ನಾನು ನೋಡಿದ್ದೇನೆ. ಎಕ್ಸ್‌ಕವೇಟರ್ ತಂದು, ತುಂಬಿದ ಮಣ್ಣು ಎಳೆದು, ಪೈಪು ಕಿತ್ತು, ಇಳಿಜಾರು ಮೊದಲಿನ ಹಾಗೆ ಮಾಡಿ, ಬೀಜ ಹಾಕುತ್ತಾರೆ. ಮಾಡಿದ್ದಕ್ಕೆ ಒಂದು ಖರ್ಚು, ಅಳಿಸಿದ್ದಕ್ಕೆ ಇನ್ನೊಂದು.

ಸರಿ, ಬೆಂಕಿ? ಈಗಿನ ಸರ್ಕಾರದ ಮುಖ್ಯ ವಾದ ಅದೇ. ರೋಡ್‌ಲೆಸ್ ಜಾಗದಲ್ಲಿ 2 ಕೋಟಿ 80 ಲಕ್ಷ ಎಕರೆಗೆ ಕಾಳ್ಗಿಚ್ಚಿನ ಅಪಾಯ ಹೆಚ್ಚು, ರಸ್ತೆ ಇದ್ದರೆ ಮರ ತೆಳು ಮಾಡಬಹುದು, ಬೆಂಕಿ ಆರಿಸಲು ಬೇಗ ಹೋಗಬಹುದು ಅನ್ನುತ್ತಾರೆ. ಇದನ್ನು ನಾನು ತಳ್ಳಿಹಾಕುವುದಿಲ್ಲ. 2017ರ ಬೇಸಿಗೆ ಇಲ್ಲಿದ್ದವರು ಯಾರೂ ತಳ್ಳಿಹಾಕಲಾರರು. ಆ ವರ್ಷ ಸೀಲಿ ಲೇಕ್ ಊರಿನ ಮೇಲಿನ ಬೆಟ್ಟದಲ್ಲಿ ರೈಸ್ ರಿಡ್ಜ್ ಬೆಂಕಿ 1 ಲಕ್ಷ 60 ಸಾವಿರ ಎಕರೆ ಸುಟ್ಟಿತು. ವಾರಗಟ್ಟಲೆ ಹೊಗೆ. ಉಸಿರಾಡಲು ಆಗದೆ, ಸಾಧ್ಯವಾದರೆ ಊರು ಬಿಡಿ ಅಂತ ಕೌಂಟಿ ಆರೋಗ್ಯ ಇಲಾಖೆಯೇ ಹೇಳಿತು. ನಮ್ಮ ಮನೆ ಕಿಟಕಿ ಸಂದಿಗೆ ಒದ್ದೆ ಟವೆಲ್ ತುರುಕಿ ಮಲಗುತ್ತಿದ್ದೆವು.

ರಸ್ತೆಗೂ ಬೆಂಕಿಗೂ ಇರುವ ಸಂಬಂಧ ಎರಡು ಮುಖದ್ದು. ದೇಶದಲ್ಲಿ ಹೆಚ್ಚಿನ ಬೆಂಕಿ ಹುಟ್ಟುವುದು ಮನುಷ್ಯರಿಂದ. ಆರಿಸದೆ ಬಿಟ್ಟ ಕ್ಯಾಂಪ್ ಬೆಂಕಿ, ಟ್ರೇಲರ್‌ನಿಂದ ನೆಲಕ್ಕೆ ಎಳೆಯುವ ಸರಪಳಿ, ಒಣ ಹುಲ್ಲಿನ ಮೇಲೆ ನಿಂತ ಬಿಸಿ ಗಾಡಿ. ರಸ್ತೆ ಹೋದ ಕಡೆ ಇವೂ ಹೋಗುತ್ತವೆ. ಸಂಶೋಧನೆಗಳೂ ಅದನ್ನೇ ಹೇಳುತ್ತವೆ: ರಸ್ತೆ ಹತ್ತಿರ ಬೆಂಕಿ ಹುಟ್ಟುವುದು ಜಾಸ್ತಿ. ಆದರೆ ರಸ್ತೆ ಇಲ್ಲದ ಕಡೆ ಹುಟ್ಟಿದ ಬೆಂಕಿ ದೊಡ್ಡದಾಗುವುದು ಜಾಸ್ತಿ, ಇದೂ ನಿಜ. ಬೇಗ ಹೋಗಲು ಆಗುವುದಿಲ್ಲವಲ್ಲ. ಅದಕ್ಕೇ ಸ್ಮೋಕ್ ಜಂಪರ್‌ಗಳು ಹುಟ್ಟಿದ್ದು. ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಬೆಂಕಿಯ ಪಕ್ಕಕ್ಕೆ ಇಳಿಯುವವರು. 1940ರಲ್ಲಿ ಐಡಹೊದ ನೆಜ್ ಪರ್ಸ್ ಕಾಡಿನಲ್ಲಿ ಮೊದಲ ಸಲ ಇಳಿದರು. ಅವರ ದೊಡ್ಡ ತರಬೇತಿ ನೆಲೆ ನಮ್ಮ ಮಿಸೂಲಾ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ. ರಸ್ತೆಗಿಂತ ಅಗ್ಗ ಅಂತ ನನ್ನ ಅಂದಾಜು.

ಮರ ತೆಳು ಮಾಡುವ ವಿಷಯ ಇನ್ನೂ ಸರಳ. ಸಣ್ಣ ದಪ್ಪದ ಮರ ತೆಗೆಯಲು ಈಗಿನ ನಿಯಮವೇ ಅವಕಾಶ ಕೊಡುತ್ತದೆ, ರಸ್ತೆ ಮಾತ್ರ ಮಾಡುವಂತಿಲ್ಲ. ಮತ್ತೆ ತೆಳು ಮಾಡಬೇಕಾದ ಒಣ ಪಾಂಡರೋಸಾ ಪೈನ್ ಕಾಡು ಹೆಚ್ಚಾಗಿ ಇರುವುದು ಕೆಳಗೆ, ಮನೆಗಳ ಹತ್ತಿರ, ರಸ್ತೆ ಆಗಲೇ ಇರುವ ಕಡೆ. ಅಲ್ಲಿನ ಕೆಲಸವೇ ಮುಗಿದಿಲ್ಲ. ಮನೆ ಬಾಗಿಲಿನ ಹುಲ್ಲು ಕೀಳದೆ ಬೆಟ್ಟದ ತುದಿಗೆ ಗುದ್ದಲಿ ಹೊರುವುದು ಯಾಕೆ? ಎತ್ತರದ ಲಾಡ್ಜ್‌ಪೋಲ್ ಪೈನ್ ಕಾಡು ನೂರಾರು ವರ್ಷಕ್ಕೊಮ್ಮೆ ಪೂರ್ತಿ ಸುಟ್ಟು ಮತ್ತೆ ಹುಟ್ಟುವುದು ಹಿಂದಿನಿಂದ ಬಂದದ್ದು. ಐಡಹೊ ಗಡಿಯಲ್ಲಿ ಗ್ರೇಟ್ ಬರ್ನ್ ಅಂತ ದೊಡ್ಡ ರೋಡ್‌ಲೆಸ್ ಜಾಗ ಇದೆ. 1910ರ ಆಗಸ್ಟ್‌ನಲ್ಲಿ ಎರಡು ದಿನದಲ್ಲಿ 30 ಲಕ್ಷ ಎಕರೆ ಸುಟ್ಟ ಬೆಂಕಿಯಿಂದ ಬಂದ ಹೆಸರು ಅದು.

ಪಕ್ಕದ ಮನೆಯವರು ಇದನ್ನು ಒಪ್ಪುವುದಿಲ್ಲ. ಅವರು ಮರದ ಮಿಲ್ಲಿನಲ್ಲಿ ಜೀವಮಾನವಿಡೀ ದುಡಿದವರು, ಈಗ ಎಂಬತ್ತರ ಹತ್ತಿರ. ಆ ಮಿಲ್ಲು ಇಲ್ಲ. ನಾನು ಮಾತೆತ್ತಿದರೆ ಅವರು ಲೋಲೋ ಪೀಕ್ ಬೆಂಕಿ ಎತ್ತುತ್ತಾರೆ. ಅದೂ 2017. ಜುಲೈನಲ್ಲಿ ಸಿಡಿಲು ಬಡಿದು ಬೆಟ್ಟದ ಮೇಲೆ ಹೊತ್ತಿಕೊಂಡಿತು. ಜಾಗ ಅಪಾಯದ್ದು ಅಂತ ನೇರವಾಗಿ ಜನರನ್ನು ಇಳಿಸಲಿಲ್ಲ. ಒಂದು ತಿಂಗಳ ಮೇಲೆ ಗಾಳಿ ಎದ್ದು ಬೆಂಕಿ ಮನೆಗಳವರೆಗೆ ಇಳಿಯಿತು. ಎರಡು ಮನೆ ಹೋದವು. ಒಬ್ಬ ಅಗ್ನಿಶಾಮಕ ಸಿಬ್ಬಂದಿ ಮರ ಬಿದ್ದು ಸತ್ತ.

"ರಸ್ತೆ ಇದ್ದಿದ್ರೆ ಮೊದಲ ದಿನವೇ ಆರ್ತಿತ್ತು" ಅಂದರು ಅವರು.

"ಅದು ವಿಲ್ಡರ್ನೆಸ್ ಒಳಗೆ ಹುಟ್ಟಿದ್ದು. ರೋಡ್‌ಲೆಸ್ ರೂಲ್ ತೆಗೆದರೂ ಅಲ್ಲಿಗೆ ರಸ್ತೆ ಬರಲ್ಲ" ಅಂದೆ.

"ನಿನ್ನ ಹತ್ರ ಎಲ್ಲದಕ್ಕೂ ಕಾಗದ ಇರುತ್ತೆ ನೋಡಮ್ಮ. ನಮ್ಮ ಊರಿನ ಶಾಲೆ ಮುಚ್ಚುವಾಗ ಈ ಕಾಗದ ಎಲ್ಲಿತ್ತು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ಅವರು ಹೇಳುವುದು ಲೆಕ್ಕದ ಇನ್ನೊಂದು ಪುಟ. 1908ರಿಂದ ರಾಷ್ಟ್ರೀಯ ಅರಣ್ಯದ ಆದಾಯದಲ್ಲಿ ಶೇ 25 ಆಯಾ ಕೌಂಟಿಯ ಶಾಲೆಗೆ, ರಸ್ತೆಗೆ ಹೋಗುತ್ತಿತ್ತು. ಕೇಂದ್ರ ಸರ್ಕಾರದ ಭೂಮಿಗೆ ಆಸ್ತಿ ತೆರಿಗೆ ಇಲ್ಲವಲ್ಲ, ಅದರ ಬದಲು. ಮಿನರಲ್ ಕೌಂಟಿಯಲ್ಲಿ ಶೇ 80ಕ್ಕೂ ಹೆಚ್ಚು ಭೂಮಿ ಕೇಂದ್ರದ್ದು. ಅಲ್ಲಿ ಮರ ಕಡಿಯುವುದು ನಿಂತರೆ ಶಾಲೆಯೂ ನಿಂತ ಹಾಗೆ. 1980ರ ದಶಕದ ಕೊನೆಯಲ್ಲಿ ರಾಷ್ಟ್ರೀಯ ಅರಣ್ಯಗಳಿಂದ ವರ್ಷಕ್ಕೆ 1,200 ಕೋಟಿ ಬೋರ್ಡ್ ಫೂಟ್ ಮರ ಬರುತ್ತಿತ್ತು. 2000ದ ಹೊತ್ತಿಗೆ ಅದು 200–250 ಕೋಟಿಗೆ ಇಳಿದಿತ್ತು. ಇಸವಿ ಗಮನಿಸಿ: ಕುಸಿತ ಆದದ್ದು ರೋಡ್‌ಲೆಸ್ ರೂಲ್ ಬರುವುದಕ್ಕೆ ಮೊದಲೇ. ಹಾಗಾಗಿ ನಿಯಮ ತೆಗೆದರೆ ಮಿಲ್ಲು ವಾಪಸ್ಸು ಬರುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಸೀಲಿ ಲೇಕ್‌ನ ಪಿರಮಿಡ್ ಮಿಲ್ಲು, 1949ರಿಂದ ಇದ್ದದ್ದು, 2024ರಲ್ಲಿ ಮುಚ್ಚಿತು. ಮಾಲೀಕರು ಕೊಟ್ಟ ಕಾರಣಗಳಲ್ಲಿ ಕೆಲಸಗಾರರ ಕೊರತೆ, ಮನೆಗಳ ದುಬಾರಿ ಬೆಲೆ, ಏರಿದ ಖರ್ಚು, ಇಳಿದ ಹಲಗೆ ದರ ಇದ್ದವು. ಕೆಲಸ ಇದೆ, ಕೆಲಸದವನಿಗೆ ಬಾಡಿಗೆ ಮನೆ ಸಿಗುವುದಿಲ್ಲ. ಯಾಕೆ ದುಬಾರಿ? ಹಾಳಾಗದ ಬೆಟ್ಟ ನೋಡುತ್ತಾ ಬದುಕಲು ಬಂದ ನಮ್ಮಂಥವರಿಂದ.

ಕಾಡು ಉಳಿಸುವ ನಮ್ಮ ಕಡೆಯವರು ಈ ಪುಟವನ್ನು ಬೇಗ ಮಗುಚುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಲಾಭ ದೇಶಕ್ಕೆಲ್ಲ ಹಂಚಿಹೋಗುತ್ತದೆ. ನೀರು ಕುಡಿಯುವವರಿಗೆ, ಎಲ್ಕ್ ಜಿಂಕೆ ಬೇಟೆಗೆ ಬರುವವರಿಗೆ, ನನ್ನಂಥ ಹಕಲ್‌ಬೆರಿ ಕಳ್ಳರಿಗೆ. ನಷ್ಟ ಬೀಳುವುದು ನಾಲ್ಕೈದು ಊರಿನ ಮೇಲೆ. 2000ದಲ್ಲಿ ಇದಕ್ಕೆ ಪರಿಹಾರವಾಗಿ ಗ್ರಾಮೀಣ ಶಾಲೆಗಳಿಗೆ ಹಣ ಕೊಡುವ ಕಾಯ್ದೆ ಬಂತು. ಆದರೆ ಅದು ಕೆಲವು ವರ್ಷಕ್ಕೊಮ್ಮೆ ಮುಗಿಯುತ್ತದೆ, ಮತ್ತೆ ಕೈಯೊಡ್ಡಿ ನಿಲ್ಲಬೇಕು. 2023ರ ಕೊನೆಯಲ್ಲೂ ಹಾಗೇ ಆಯಿತು. ಮುಂದಿನ ವರ್ಷ ಮೇಷ್ಟ್ರಿಗೆ ಸಂಬಳ ಇದೆಯೋ ಇಲ್ಲವೋ ಗೊತ್ತಿಲ್ಲದ ಶಾಲೆ ಮಂಡಳಿಗೆ ಕಾಡು ಉಳಿಸಿ ಅಂತ ಹೇಳಲು ನಮಗೆ ಯಾವ ಮುಖ ಇದೆ?

ನನ್ನ ಪತ್ರದಲ್ಲಿ ನಾಲ್ಕು ಅಂಶ ಬರೆದೆ. ನಿಯಮ ಉಳಿಸಿ. ಹೊಸ ರಸ್ತೆಗೆ ಹಣ ಇದ್ದರೆ ಅದನ್ನು ಈಗಿರುವ ರಸ್ತೆಯ ಮೋರಿಗಳಿಗೆ ಕೊಡಿ, ಆ ಕೆಲಸ ಈ ಕೌಂಟಿಗಳ ಗುತ್ತಿಗೆದಾರರಿಗೇ ಸಿಗಲಿ. ಯಾವುದೇ ಹೊಸ ರಸ್ತೆಯ ಪ್ರಸ್ತಾವದಲ್ಲಿ ಐವತ್ತು ವರ್ಷದ ನಿರ್ವಹಣೆ ಖರ್ಚು, ಕೊನೆಗೆ ಅಳಿಸುವ ಖರ್ಚು, ಎರಡೂ ದರದಲ್ಲಿ ತೋರಿಸಿ. ರೋಡ್‌ಲೆಸ್ ಎಕರೆ ಲೆಕ್ಕದಲ್ಲಿ ಕೌಂಟಿಗಳಿಗೆ ಕಾಯಂ ಹಣ ಕೊಡಿ, ವರ್ಷವರ್ಷ ಬೇಡುವ ಹಾಗೆ ಮಾಡಬೇಡಿ.

ಕಳಿಸುವ ಮೊದಲು ಪ್ರಿಂಟ್ ತೆಗೆದು ಪಕ್ಕದ ಮನೆಗೆ ಒಯ್ದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಮೊದಲ ಅಂಶದ ಮೇಲೆ ಪೆನ್ನಿನಿಂದ ಒಂದು ಅಡ್ಡಗೆರೆ ಎಳೆದರು. ಎರಡನೆಯದಕ್ಕೆ ತಲೆಯಾಡಿಸಿದರು. ನಾಲ್ಕನೆಯದರ ಸುತ್ತ ಒಂದು ದೊಡ್ಡ ಸೊನ್ನೆ ಸುತ್ತಿ, ಬಾಣ ಹಾಕಿ, ಎಲ್ಲಕ್ಕಿಂತ ಮೇಲೆ ತೋರಿಸಿದರು. ಅಡ್ಡಗೆರೆಯನ್ನು ನಾನು ಒಪ್ಪಲಿಲ್ಲ. ಬಾಣ ತೋರಿಸಿದ ಹಾಗೆ ಕ್ರಮ ಬದಲಾಯಿಸಿ ಕಳಿಸಿದೆ.